ಗಂಡು ಬೆಕ್ಕಿನ ಉಪಟಳ ನಿಲ್ಲಿಸುವುದು ಹೇಗೆ: ಉಚ್ಚೆ ಚಿಮ್ಮಿಸುವುದು, ಜಗಳ, ರಾತ್ರಿ ಅಲೆದಾಟ

ಆರು ತಿಂಗಳವರೆಗೆ ಮಡಿಲಲ್ಲಿ ಮುದುಡಿ ಮಲಗುತ್ತಿದ್ದ ಮರಿ ಏಳನೇ ತಿಂಗಳಿಗೆ ಚಪ್ಪಲಿ ಸ್ಟ್ಯಾಂಡಿಗೆ ಬೆನ್ನು ತಿರುಗಿಸಿ ನಿಂತು ಬಾಲ ನಡುಗಿಸತೊಡಗಿದರೆ ಅದಕ್ಕೆ ಬುದ್ಧಿ ಕೆಟ್ಟಿಲ್ಲ, ಪ್ರಾಯ ಬಂದಿದೆ ಅಷ್ಟೆ. ಸಾಮಾನ್ಯವಾಗಿ 5ರಿಂದ 9 ತಿಂಗಳ ನಡುವೆ ಗಂಡು ಬೆಕ್ಕಿನ ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಏರುತ್ತದೆ. ಅಲ್ಲಿಂದ ಮುಂದೆ ಗೋಡೆಗೆ ಉಚ್ಚೆ, ರಾತ್ರಿಯಿಡೀ ಕೂಗು, ಎರಡು ಮೂರು ದಿನ ಪತ್ತೆಯಿಲ್ಲದೆ ಹೋಗಿ ಕಿವಿ ಹರಿದುಕೊಂಡು ಬರುವುದು, ಎತ್ತಿಕೊಂಡರೆ ಕಚ್ಚುವುದು ಒಂದರ ಹಿಂದೊಂದು ಶುರುವಾಗುತ್ತವೆ. ಕೆನ್ನೆ ದಪ್ಪಗಾಗುತ್ತದೆ, ಕತ್ತಿನ ಚರ್ಮ ಒರಟಾಗುತ್ತದೆ, ಬಾಲದ ಬುಡದಲ್ಲಿ ಎಣ್ಣೆ ಜಿಡ್ಡು ಕಟ್ಟುತ್ತದೆ. ಹಳ್ಳಿ ಕಡೆ ಗಡವ ಬೆಕ್ಕು ಅನ್ನುವುದು ಇದನ್ನೇ.

ಇದನ್ನು ನಿಲ್ಲಿಸಬಹುದು. ಆದರೆ ಕೆಲಸಕ್ಕೆ ಒಂದು ಕ್ರಮವಿದೆ. ಕೆಲವರು ತಿಂಗಳುಗಟ್ಟಲೆ ನೆಲ ತೊಳೆಯುತ್ತಾರೆ, ಬೀಜ ತೆಗೆಸುವ ಆಪರೇಷನ್ ಮಾತ್ರ ಮಾಡಿಸುವುದಿಲ್ಲ. ಇನ್ನು ಕೆಲವರು ಆಪರೇಷನ್ ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ಗೋಡೆಯಲ್ಲಿ ಇಳಿದ ವಾಸನೆಯೂ ಕಿಟಕಿಯಾಚೆ ಬಂದು ಕೂರುವ ಇನ್ನೊಂದು ಗಡವವೂ ಹಾಗೇ ಉಳಿದಿರುತ್ತವೆ. ಇಬ್ಬರೂ ಕೊನೆಗೆ ಬೆಕ್ಕನ್ನೇ ದೂರುತ್ತಾರೆ. ಮೊದಲು ಇದು ಕಾಯಿಲೆ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಆಪರೇಷನ್ ಮಾಡಿಸಿ, ಅದರ ಜೊತೆಜೊತೆಗೇ ವಾಸನೆ ತೆಗೆಯಿರಿ, ನಂತರ ಮನೆಯನ್ನೂ ಅಂಗಳವನ್ನೂ ಸರಿಮಾಡಿ.

ಹಂತ 1: ಚಿಮ್ಮಿಸಿದ್ದೋ, ಹೊಯ್ದದ್ದೋ ನೋಡಿ

ಎರಡೂ ಉಚ್ಚೆಯೇ, ಆದರೆ ಕಾರಣ ಬೇರೆ. ಇದು ನನ್ನ ಜಾಗ ಎಂದು ಉಚ್ಚೆಯಿಂದ ಗುರುತು ಹಾಕುವ ಬೆಕ್ಕು ನಿಂತೇ ಇರುತ್ತದೆ. ಹಿಂಭಾಗವನ್ನು ಗೋಡೆಗೋ ಪರದೆಗೋ ತಿರುಗಿಸಿ, ಬಾಲ ನೆಟ್ಟಗೆ ಎತ್ತಿ, ಬಾಲದ ತುದಿ ನಡುಗಿಸುತ್ತಾ, ಹಿಂಗಾಲುಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಹಿಂದಕ್ಕೆ ಚಿಮ್ಮಿಸುತ್ತದೆ. ನೆಲದಿಂದ ಸುಮಾರು ಒಂದು ಗೇಣು ಎತ್ತರದಲ್ಲಿ ಕಲೆ ಬಿದ್ದು ಕೆಳಕ್ಕೆ ಇಳಿದಿರುತ್ತದೆ. ಪ್ರಮಾಣ ಒಂದು ಟೀ ಚಮಚೆಗಿಂತ ಕಡಿಮೆಯೂ ಇರಬಹುದು. ಮಾಮೂಲಿ ಉಚ್ಚೆಗೆ ಅದು ಮರಳು ಹಾಕಿಟ್ಟ ತನ್ನ ಟ್ರೇಯನ್ನೇ ಬಳಸುತ್ತಿರುತ್ತದೆ.

ಕುಕ್ಕರಗಾಲಲ್ಲಿ ಕೂತು ಹಾಸಿಗೆ, ಕಾಲೊರಸು, ಬಚ್ಚಲಿನ ಮೂಲೆ ಒದ್ದೆ ಮಾಡಿದರೆ ಅದು ಗುರುತು ಹಾಕುವುದಲ್ಲ. ಟ್ರೇ ಗಲೀಜಾಗಿರಬೇಕು, ಟ್ರೇ ಇಟ್ಟ ಜಾಗ ಅದಕ್ಕೆ ಹಿಡಿಸಿರಲಿಕ್ಕಿಲ್ಲ, ಇಲ್ಲವೇ ಮೂತ್ರಕೋಶದಲ್ಲಿ ತೊಂದರೆ ಇದೆ.

ಇಲ್ಲಿ ಒಂದು ವಿಷಯದಲ್ಲಿ ತಡ ಮಾಡುವಂತಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಕಿರಿದು. ಹರಳು ಅಥವಾ ಲೋಳೆಯ ಬೆಣೆ ಕೂತರೆ ಉಚ್ಚೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಟ್ರೇಗೆ ಮೇಲಿಂದ ಮೇಲೆ ಹೋಗಿ ಕೂರುವುದು, ತಿಣುಕುವುದು, ಒಂದೆರಡು ಹನಿ ಮಾತ್ರ ಬರುವುದು ಅಥವಾ ಬರದೇ ಇರುವುದು, ನೋವಿನ ಕೂಗು, ಜನನಾಂಗ ನೆಕ್ಕುತ್ತಲೇ ಇರುವುದು, ವಾಂತಿ, ಹೊಟ್ಟೆ ಮುಟ್ಟಿದರೆ ಒಳಗೆ ಗಟ್ಟಿ ಉಂಡೆ ಸಿಗುವುದು, ಇಂಥವು ಕಂಡರೆ ಬೆಳಗಾಗಲಿ ಅನ್ನದೆ ಆಗಲೇ ವೈದ್ಯರಲ್ಲಿಗೆ ಒಯ್ಯಿರಿ. ಒಂದೆರಡು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಹೊಟ್ಟೆ ಒತ್ತಿ ಉಚ್ಚೆ ಬರಿಸಲು ಹೋದರೆ ಮೂತ್ರಕೋಶ ಒಡೆಯಬಹುದು. ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ರಾತ್ರಿ ಕಳೆಯುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು; ತಿಣುಕುವ ಭಂಗಿ ಎರಡಕ್ಕೂ ಒಂದೇ ಥರ ಕಾಣುತ್ತದೆ.

ಹಂತ 2: ಆಪರೇಷನ್ನಿಗೆ ಸಿದ್ಧತೆ

ಗುರುತು ಹಾಕುವುದು, ಹೆಣ್ಣಿಗಾಗಿ ಅಲೆಯುವುದು, ಗಂಡುಗಳ ನಡುವಿನ ಕಾದಾಟ, ಈ ಮೂರಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆಯಷ್ಟು ನೆಚ್ಚಬಹುದಾದ ಉಪಾಯ ಬೇರೆ ಇಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಮತ್ತು ಬ್ಯಾರೆಟ್ 1973ರಲ್ಲೇ ದೊಡ್ಡ ಗಂಡು ಬೆಕ್ಕುಗಳನ್ನು ಆಪರೇಷನ್ನಿನ ನಂತರ ಗಮನಿಸಿ, ಹತ್ತರಲ್ಲಿ ಎಂಟೊಂಬತ್ತು ಬೆಕ್ಕುಗಳಲ್ಲಿ ಈ ಮೂರೂ ನಿಂತವು ಅಥವಾ ಬಹಳ ಕಡಿಮೆಯಾದವು ಎಂದು ತೋರಿಸಿದ್ದರು. ಉಳಿದ ಒಂದೆರಡರ ಕಥೆ ಕೆಳಗೆ ಬರುತ್ತದೆ.

ವಯಸ್ಸು: ಮೊದಲ ಸಲ ಚಿಮ್ಮಿಸುವ ಮುಂಚೆಯೇ, ಅಂದರೆ 4ರಿಂದ 5 ತಿಂಗಳಿಗೆ ಮಾಡಿಸಿದರೆ ಆ ಚಾಳಿ ಸಾಮಾನ್ಯವಾಗಿ ಬೇರೂರುವುದಿಲ್ಲ. ನಮ್ಮಲ್ಲಿ ಬಹಳ ವೈದ್ಯರು 6 ತಿಂಗಳು ಎನ್ನುತ್ತಾರೆ. ಅದೂ ಆಗಬಹುದು, ಅದನ್ನು ದಾಟಿಸಬೇಡಿ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಮೂತ್ರನಾಳ ಕಿರಿದಾಗಿ ಉಚ್ಚೆ ಕಟ್ಟುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅಧ್ಯಯನಗಳಲ್ಲಿ ಅದು ನಿಂತಿಲ್ಲ. ಐದಾರು ವರ್ಷದ ಗಡವಕ್ಕೂ ಮಾಡಿಸಬಹುದು. 7 ವರ್ಷ ದಾಟಿದ್ದರೆ ಮೊದಲು ಮೂತ್ರಪಿಂಡ, ಯಕೃತ್ತುಗಳ (ಲಿವರ್) ರಕ್ತಪರೀಕ್ಷೆ ಮಾಡಿಸಿ.

ಲಸಿಕೆ: ಮೂರು ರೋಗಗಳ ಸಂಯುಕ್ತ ಲಸಿಕೆ, ಅಂದರೆ ಟ್ರೈಕ್ಯಾಟ್, ಮತ್ತು 12 ವಾರ ತುಂಬಿದ ಮೇಲೆ ರೇಬಿಸ್ ಲಸಿಕೆ ಆಗಿರಲಿ. ಆಸ್ಪತ್ರೆಯ ಪಂಜರದಲ್ಲಿ ಕಾಯಿಲೆ ಬಿದ್ದ ಬೆಕ್ಕುಗಳೂ ಇರುತ್ತವೆ.

ಎಲ್ಲಿ: ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಬೆಕ್ಕಿಗೆ ಅರಿವಳಿಕೆ ಕೊಟ್ಟು ರೂಢಿ ಇರುವ ವೈದ್ಯರಿದ್ದಾರೆಯೇ ಎಂದು ಮೊದಲೇ ಕೇಳಿ; ಹಸು ಎಮ್ಮೆಗಳದೇ ಕೆಲಸ ಹೆಚ್ಚಿರುವ ಕಡೆ ಅದು ಇರದೆಯೂ ಇರಬಹುದು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ಖಾಸಗಿ ಕ್ಲಿನಿಕ್ಕಿನಲ್ಲಿ ದರ ಕೇಳುವಾಗ ನೋವಿನ ಇಂಜೆಕ್ಷನ್, ಗಾಯ ನೆಕ್ಕದಂತೆ ಕತ್ತಿಗೆ ಹಾಕುವ ಕಾಲರ್, ಮರುಭೇಟಿ ಅದರಲ್ಲೇ ಸೇರಿವೆಯೇ ಎಂದು ಕೇಳಿ. ಎರಡು ದರಗಳ ನಡುವಿನ ಅಂತರ ಬಹಳ ಸಲ ಅಲ್ಲೇ ಇರುತ್ತದೆ.

ಎರಡೂ ಬೀಜ ಇಳಿದಿವೆಯೇ: ಬೆಕ್ಕು ನಿರಾಳವಾಗಿ ಮಲಗಿದ್ದಾಗ ಬಾಲದ ಕೆಳಗೆ ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಕಡಲೆಕಾಳಿನಷ್ಟೋ ಅದಕ್ಕಿಂತ ದೊಡ್ಡದೋ ಎರಡು ಸಿಗಬೇಕು. ಒಂದೇ ಸಿಕ್ಕರೆ ವೈದ್ಯರಿಗೆ ಮೊದಲೇ ಹೇಳಿ. ಇನ್ನೊಂದು ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ಉಳಿದಿರುತ್ತದೆ. ಅದನ್ನು ಹುಡುಕಿ ತೆಗೆಯಬೇಕು. ಸಿಕ್ಕಿದ್ದನ್ನಷ್ಟೇ ತೆಗೆಸಿದರೆ ಮರಿ ಹುಟ್ಟಿಸುವುದು ನಿಲ್ಲಬಹುದು, ಹಾರ್ಮೋನು ಮಾತ್ರ ನಿಲ್ಲುವುದಿಲ್ಲ. ಚಿಮ್ಮಿಸುವುದು, ಕೂಗು, ಕಾದಾಟ ಎಲ್ಲ ಮೊದಲಿನಂತೆಯೇ. ಒಳಗೆ ಉಳಿದ ಬೀಜದಲ್ಲಿ ಮುಂದೆ ಗೆಡ್ಡೆ ಬೆಳೆಯುವ ಸಂಭವವೂ ಇದೆ.

ಹಿಂದಿನ ಸಂಜೆ: ಕತ್ತಲಾಗುವ ಮುಂಚೆ ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ. ಹೊರಗೆ ಬಿಟ್ಟರೆ ಬೆಳಿಗ್ಗೆ ಕೈಗೆ ಸಿಗುವುದಿಲ್ಲ ಅನ್ನುವುದು ಒಂದು. ಸಿಕ್ಕಿದರೂ ರಾತ್ರಿ ಇಲಿ ತಿಂದು ಬಂದಿರುತ್ತದೆ ಅನ್ನುವುದು ಇನ್ನೊಂದು. ತುಂಬಿದ ಹೊಟ್ಟೆಯಲ್ಲಿ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ 6ರಿಂದ 8 ಗಂಟೆ ಉಪವಾಸ ಹೇಳುತ್ತಾರೆ. 4–5 ತಿಂಗಳ ಮರಿಯನ್ನು ಅಷ್ಟು ಹೊತ್ತು ಹಸಿದಿಡಬಾರದು, ಸಕ್ಕರೆ ಅಂಶ ಇಳಿದುಬಿಡುತ್ತದೆ. ವೈದ್ಯರು ಹೇಳಿದಷ್ಟೇ ಹೊತ್ತು. ನೀರು ಬೆಳಿಗ್ಗೆಯವರೆಗೂ ಇರಲಿ.

ಸಾಗಿಸುವುದು: ಗೋಣಿಚೀಲ ಬೇಡ. ಹೆದರಿದ ಗಡವ ಚೀಲದ ಮೇಲಿಂದಲೇ ಕೈ ಕಚ್ಚುತ್ತದೆ, ಸ್ಕೂಟರಿನಿಂದ ಜಿಗಿದರೆ ಮತ್ತೆ ಸಿಗುವುದಿಲ್ಲ. ಮೇಲ್ಗಡೆ ತೆರೆಯುವ ಪ್ಲಾಸ್ಟಿಕ್ ಕ್ಯಾರಿಯರ್ ಒಳ್ಳೆಯದು. ಇಲ್ಲದಿದ್ದರೆ ಮುಚ್ಚಳವಿರುವ ಗಟ್ಟಿ ಬುಟ್ಟಿಯ ನಾಲ್ಕೂ ಕಡೆ ಹಗ್ಗ ಬಿಗಿದು, ಒಳಗೆ ಅದು ಮಲಗುವ ಹಳೇ ಬಟ್ಟೆ ಹಾಸಿ, ಮೇಲೆ ಟವೆಲ್ ಹೊದಿಸಿ. ಕ್ಯಾರಿಯರನ್ನು ವಾರ ಮೊದಲೇ ಪಡಸಾಲೆಯಲ್ಲಿ ತೆರೆದಿಟ್ಟು ಅದರೊಳಗೆ ಊಟ ಹಾಕಿದರೆ ಆ ದಿನದ ರಾದ್ಧಾಂತ ಅರ್ಧಕ್ಕರ್ಧ ತಪ್ಪುತ್ತದೆ.

ಹಂತ 3: ಆ ದಿನ ಮತ್ತು ಮುಂದಿನ ಹತ್ತು ದಿನ

ಎರಡೂ ಬೀಜ ಇಳಿದಿರುವ ಬೆಕ್ಕಿಗೆ ಈ ಶಸ್ತ್ರಚಿಕಿತ್ಸೆ ಹತ್ತು ಹದಿನೈದು ನಿಮಿಷದ್ದು. ಚೀಲದ ಮೇಲೆ ಸಣ್ಣ ಗಾಯ ಮಾಡಿ, ಬೀಜ ಹೊರತೆಗೆದು, ನಾಳವನ್ನು ಗಂಟು ಹಾಕಿ ಕತ್ತರಿಸುತ್ತಾರೆ. ಹೊರಗೆ ಹೊಲಿಗೆ ಹಾಕದೆ ಬಿಡುವುದೇ ವಾಡಿಕೆ. ಗಾಯ ತಾನೇ ಕೂಡಿಕೊಳ್ಳುತ್ತದೆ. ಹೊಲಿಗೆ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ.

ಮನೆಗೆ ತಂದ ಮೇಲೆ ಮಂದ ಬೆಳಕಿನ ಕೋಣೆಯಲ್ಲಿ, ನೆಲದ ಮೇಲೆಯೇ, ಬೆಚ್ಚಗೆ ಮಲಗಿಸಿ. ಮಂಚ, ಅಟ್ಟ, ಕಪಾಟಿನ ಮೇಲೆ ಹತ್ತಲು ಬಿಡಬೇಡಿ. ಅರಿವಳಿಕೆಯ ಮತ್ತು ಇಳಿಯದ ಬೆಕ್ಕು ಜಿಗಿಯುವ ಲೆಕ್ಕ ತಪ್ಪಿ ಬೀಳುತ್ತದೆ. ನೆಟ್ಟಗೆ ನಡೆಯತೊಡಗಿದ ಮೇಲೆ ನೀರು, ಆಮೇಲೆ ಮಾಮೂಲಿ ಊಟದ ಅರ್ಧದಷ್ಟು. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಒಂದು ರಾತ್ರಿ ದೂರ ಇಡಿ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಗೆಳೆಯನನ್ನು ಅವು ಗುರುತು ಹಿಡಿಯದೆ ಬುಸುಗುಟ್ಟುತ್ತವೆ.

ಟ್ರೇಯಲ್ಲಿ ಐದಾರು ದಿನ ಮರಳು, ಬೆಂಟೊನೈಟ್ ಎಂಬ ಜೇಡಿಮಣ್ಣಿನ ಹರಳು ಬೇಡ. ಒದ್ದೆ ಗಾಯಕ್ಕೆ ಅಂಟಿ ಗಟ್ಟಿಯಾಗುತ್ತವೆ. ಹರಿದ ದಿನಪತ್ರಿಕೆ ಸಾಕು. ಕಾಲರನ್ನು 7ರಿಂದ 10 ದಿನ ತೆಗೆಯಬೇಡಿ, ಸ್ನಾನ ಮಾಡಿಸಬೇಡಿ, ಹೊರಗೆ ಬಿಡಬೇಡಿ. ಬೀಜದ ಚೀಲ ಸ್ವಲ್ಪ ಊದಿ, ಏನೂ ತೆಗೆದೇ ಇಲ್ಲವೇನೋ ಅನ್ನುವ ಹಾಗೆ ಕೆಲವು ದಿನ ಕಾಣುತ್ತದೆ, ಅದು ಸಹಜ. ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಕೀವು ಬಂದರೆ, ಗಾಯದಿಂದ ದಾರದಂಥದ್ದು ನೇತಾಡಿದರೆ, ಒಂದು ದಿನ ಕಳೆದರೂ ತಿನ್ನದಿದ್ದರೆ ವೈದ್ಯರಲ್ಲಿಗೆ ಹೋಗಿ.

ನೋವಿಗೆಂದು ಕ್ರೋಸಿನ್, ಡೋಲೋ ಕೊಡಲೇಬೇಡಿ. ಪ್ಯಾರಸಿಟಮಾಲನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 500 ಮಿ.ಗ್ರಾಂ. ಮಾತ್ರೆಯ ಅರ್ಧ ಒಂದು ಬೆಕ್ಕನ್ನು ಕೊಲ್ಲಲು ಸಾಕು.

ಇನ್ನೆರಡು ವಿಷಯ. ಆಪರೇಷನ್ ಆದ ಮಾತ್ರಕ್ಕೆ ಬೆಕ್ಕು ಅಂದಿನಿಂದಲೇ ಬರಡಲ್ಲ. ನಾಳದಲ್ಲಿ ಉಳಿದ ವೀರ್ಯಾಣುಗಳಿಂದ ಕೆಲವು ವಾರಗಳವರೆಗೆ ಗರ್ಭ ಕಟ್ಟಬಹುದು. ಮನೆಯಲ್ಲಿ ಆಪರೇಷನ್ ಆಗದ ಹೆಣ್ಣಿದ್ದರೆ 6 ವಾರ ಬೇರೆ ಇಡಿ. ಇನ್ನೊಂದು ಊಟದ್ದು: ಹಸಿವು ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಇಳಿಯುತ್ತದೆ. 4 ಕೆ.ಜಿ. ತೂಗುವ ಆಪರೇಷನ್ ಆದ ಬೆಕ್ಕಿಗೆ ದಿನಕ್ಕೆ ಸುಮಾರು 240 ಕಿಲೋ ಕ್ಯಾಲರಿ ಸಾಕು. 100 ಗ್ರಾಂಗೆ 380 ಕಿಲೋ ಕ್ಯಾಲರಿ ಇರುವ ಒಣ ಆಹಾರವಾದರೆ ಇದು 63 ಗ್ರಾಂ ಆಯಿತು. ಬಟ್ಟಲು ತುಂಬಿಸಿಡುವ ಅಭ್ಯಾಸ ಬಿಟ್ಟು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹಾಕಿ, ತಿಂಗಳಿಗೊಮ್ಮೆ ಬೆಕ್ಕನ್ನೂ ತೂಗಿ.

ಬೀಜ ತೆಗೆಸಿದರೆ ಇಲಿ ಹಿಡಿಯುವುದಿಲ್ಲ ಎಂದು ಅಡಿಕೆ, ಭತ್ತ ಇಡುವ ಮನೆಗಳಲ್ಲಿ ಹಿಂಜರಿಯುವವರಿದ್ದಾರೆ. ಬೇಟೆಗೂ ಟೆಸ್ಟೋಸ್ಟೆರಾನಿಗೂ ಸಂಬಂಧವಿಲ್ಲ. ಆಪರೇಷನ್ ಆದ ಹೆಣ್ಣು ಗಂಡು ಎರಡೂ ಹಿಡಿಯುತ್ತವೆ. ಮೂರು ದಿನ ಊರು ಸುತ್ತುವ ಗಡವಕ್ಕಿಂತ ಕಣಜದ ಹತ್ತಿರವೇ ಇರುವ ಬೆಕ್ಕು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 4: ವಾಸನೆ ತೆಗೆಯುವುದು

ಗಡವನ ಉಚ್ಚೆಗೆ ಅಷ್ಟು ನಾತ ಬರಲು ಫೆಲಿನೀನ್ ಎಂಬ, ಗಂಧಕ ಇರುವ ಅಮೈನೋ ಆಮ್ಲ ಕಾರಣ. ಪೂರ್ಣ ಗಂಡಿನಲ್ಲಿ ಇದು ಹೇರಳವಾಗಿ ತಯಾರಾಗುತ್ತದೆ, ಆಪರೇಷನ್ ಆದ ಮೇಲೆ ಕುಗ್ಗುತ್ತದೆ. ಹೊರಬಿದ್ದಾಗ ಅದಕ್ಕೇ ಅಷ್ಟು ವಾಸನೆ ಇಲ್ಲ. ಗಾಳಿಯಲ್ಲಿ ನಿಧಾನವಾಗಿ ಒಡೆದು ಗಂಧಕದ ಸಂಯುಕ್ತಗಳಾದಾಗ ಮೂಗು ಮುಚ್ಚಿಕೊಳ್ಳುವಂತಾಗುತ್ತದೆ. ಬೆಳಿಗ್ಗೆ ಗೊತ್ತೇ ಆಗದ ಜಾಗ ಸಂಜೆಗೆ ನಾರುವುದು ಇದರಿಂದಲೇ. ನಿಮ್ಮ ಮೂಗಿಗೆ ಹೋಯಿತು ಅನ್ನಿಸಿದ ಮೇಲೂ ಬೆಕ್ಕಿನ ಮೂಗಿಗೆ ಉಳಿದಿರುತ್ತದೆ, ವಾಸನೆ ಮಾಸಿದಷ್ಟೂ ಅದು ಬಂದು ಹೊಸದಾಗಿ ಬರೆಯುತ್ತದೆ. ಹೀಗಾಗಿ ಅರೆಬರೆ ತೊಳೆದರೆ ಮತ್ತೆ ಅಲ್ಲಿಗೇ ಬರುತ್ತದೆ.

ಮೊದಲು ಏನು ಹಾಕಬಾರದು ಎಂಬುದು. ಫಿನಾಯಿಲ್, ಡೆಟಾಲ್ ಮತ್ತು ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಆ ಜಾತಿಯ ದ್ರಾವಣಗಳು ಬೆಕ್ಕಿಗೆ ವಿಷ. ಒರೆಸಿದ ನೆಲದಲ್ಲಿ ನಡೆದು, ಕಾಲು ನೆಕ್ಕಿ, ಒಳಗೆ ಹೋಗುತ್ತದೆ. ಬ್ಲೀಚಿಂಗ್ ಪುಡಿ ಉಚ್ಚೆಯ ಅಮೋನಿಯಾದೊಂದಿಗೆ ಸೇರಿ ಎದೆ ಉರಿಸುವ ಅನಿಲ ಬಿಡುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಮೂಲೆಗೆ ನುಸಿ ಗುಳಿಗೆ, ನೀಲಗಿರಿ ಎಣ್ಣೆ ಇಡುವುದೂ ಬೇಡ. ಎರಡೂ ಬೆಕ್ಕಿಗೆ ವಿಷ.

ತೊಳೆಯುವ ಬಗೆ:

1. ರಾತ್ರಿ ದೀಪ ಆರಿಸಿ ಅಲ್ಟ್ರಾವಯೊಲೆಟ್ ಟಾರ್ಚಿನಿಂದ ನೆಲದಿಂದ ಮೊಣಕಾಲೆತ್ತರದವರೆಗೆ ನೋಡುತ್ತಾ ಹೋಗಿ. ಒಣಗಿದ ಉಚ್ಚೆ ಮಂಕು ಹಳದಿ ಹಸಿರಾಗಿ ಹೊಳೆಯುತ್ತದೆ. ಸಿಕ್ಕ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಹಾಕಿ. ಮುಂಬಾಗಿಲ ಚೌಕಟ್ಟು, ಚಪ್ಪಲಿ ಜಾಗ, ಪರದೆಯ ಅಂಚು, ಗ್ಯಾಸ್ ಸಿಲಿಂಡರಿನ ಹಿಂದುಗಡೆ, ಅಕ್ಕಿ ಮೂಟೆ, ಫ್ರಿಜ್ಜಿನ ಬದಿ, ನಿಲ್ಲಿಸಿದ ಬೈಕಿನ ಟಯರು ಇವನ್ನು ಬಿಡಬೇಡಿ.

2. ಹಸಿಯಿದ್ದರೆ ಹಳೇ ಬಟ್ಟೆಯಿಂದ ಒತ್ತಿ ಹೀರಿ. ಉಜ್ಜಿದರೆ ಹರಡುತ್ತದೆ.

3. ಕಿಣ್ವ ಇರುವ ಬಟ್ಟೆ ಸೋಪಿನ ಪುಡಿ ಅಥವಾ ದ್ರಾವಣ 1 ಪಾಲು, ಉಗುರುಬೆಚ್ಚಗಿನ ನೀರು 9 ಪಾಲು. ಪೊಟ್ಟಣದ ಹಿಂದೆ ಎಂಜೈಮ್ ಎಂದು ಬರೆದಿರಬೇಕು. ಕುದಿನೀರು ಹಾಕಿದರೆ ಕಿಣ್ವ ಸಾಯುತ್ತದೆ. ಕಲೆಗಿಂತ ಒಂದು ಅಂಗೈಯಷ್ಟು ಅಗಲಕ್ಕೆ ನೆನೆಸಿ 15 ನಿಮಿಷ ಬಿಡಿ.

4. ಸಾದಾ ನೀರಿನಿಂದ ಎರಡು ಸಲ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ.

5. ಟೈಲ್ಸ್, ಗ್ರಾನೈಟ್, ಸ್ಟೀಲಿನ ಮೇಲಾದರೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಕೊನೆಗೊಮ್ಮೆ ಒರೆಸಿ. ಒಣಗುವವರೆಗೆ ಬೆಕ್ಕು ಬರಬಾರದು, ಹತ್ತಿರ ಒಲೆ ಉರಿಯುತ್ತಿರಬಾರದು. ಪಾಲಿಶ್ ಮಾಡಿದ ಮರದ ಮೇಲೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಪರದೆ, ಹೊದಿಕೆಗಳನ್ನು ಅದೇ ಸೋಪಿನ ತಣ್ಣೀರಲ್ಲಿ ರಾತ್ರಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಸೋಫಾದ ಫೋಮಿಗೆ ಮೇಲೆ ಮೇಲೆ ಒರೆಸಿ ಪ್ರಯೋಜನವಿಲ್ಲ. ಉಚ್ಚೆ ಎಷ್ಟು ಆಳ ಇಳಿದಿದೆಯೋ ದ್ರಾವಣವೂ ಅಷ್ಟೇ ಆಳ ಇಳಿಯಬೇಕು. ಕವರ್ ಬಿಚ್ಚಿ ಫೋಮನ್ನೇ ನೆನೆಸಿ ಹಿಂಡಬೇಕಾಗುತ್ತದೆ. ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆ ಉಚ್ಚೆಯನ್ನು ಒಳಗೆಳೆದುಕೊಳ್ಳುತ್ತದೆ. ಎರಡು ಮೂರು ಸಲ ತೊಳೆದೂ ಮಳೆಗಾಲದ ತೇವಕ್ಕೆ ವಾಸನೆ ಏಳುತ್ತಿದ್ದರೆ ಆ ಭಾಗವನ್ನು ಕೆರೆದು, ಪ್ರೈಮರ್ ಹೊಡೆದು, ತೊಳೆಯಬಹುದಾದ ಬಣ್ಣ ಬಳಿಯುವುದೇ ದಾರಿ. ಹಳೇ ರೆಡ್ ಆಕ್ಸೈಡ್ ನೆಲದ ಬಿರುಕುಗಳಿಗೂ ಇದೇ ಪಾಡು. ಬಿರುಕು ಮುಚ್ಚದೆ ವಾಸನೆ ಹೋಗದು.

ತೊಳೆದ ಜಾಗದಲ್ಲಿ ಬೆಕ್ಕಿನ ಊಟದ ಬಟ್ಟಲನ್ನೋ ಮಲಗುವ ಬುಟ್ಟಿಯನ್ನೋ ಇಡಿ. ಉಣ್ಣುವಲ್ಲಿ, ಮಲಗುವಲ್ಲಿ ಬೆಕ್ಕು ಸಾಮಾನ್ಯವಾಗಿ ಚಿಮ್ಮಿಸುವುದಿಲ್ಲ. ಚಪ್ಪಲಿಗಳನ್ನು ಬಾಗಿಲಿರುವ ಕಪಾಟಿಗೆ ಸೇರಿಸಿ. ಬೀದಿಯ ಬೇರೆ ಬೆಕ್ಕುಗಳ ವಾಸನೆಯನ್ನು ಮನೆಯೊಳಗೆ ತರುವುದೇ ಅವು.

ಹಂತ 5: ಮನೆಯನ್ನು ಸರಿಮಾಡಿ

ಟ್ರೇ ಎಷ್ಟು ಬೇಕು? ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಎರಡು ಬೆಕ್ಕಿಗೆ ಮೂರು ಟ್ರೇ, ಅವೂ ಬೇರೆ ಬೇರೆ ಕಡೆ. ಒಂದೇ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕಕ್ಕೆ ಅದು ಒಂದೇ ಟ್ರೇ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಟ್ರೇ ಇರಲಿ. ಅಂಗಡಿಯಲ್ಲಿ ಬೆಕ್ಕಿನ ಟ್ರೇ ಎಂದು ಮಾರುವ ಬಹುಪಾಲು ದೊಡ್ಡ ಗಂಡಿಗೆ ಚಿಕ್ಕವು. ಅಗಲದ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ಕತ್ತರಿಸಿಕೊಂಡರೆ ಅಗ್ಗವೂ ಹೌದು, ಹಿಂದಕ್ಕೆ ಚಿಮ್ಮಿದರೂ ಎತ್ತರದ ಗೋಡೆ ತಡೆಯುತ್ತದೆ. 4–5 ಸೆಂ.ಮೀ. ದಪ್ಪಕ್ಕೆ ಮರಳನ್ನೋ ಹರಳನ್ನೋ ಹಾಕಿ, ಗಲೀಜನ್ನು ದಿನಕ್ಕೆ ಎರಡು ಸಲ ಎತ್ತಿ.

ಗುರುತು ಹಾಕಲು ಬೆಕ್ಕಿಗೆ ಪಂಜದ ದಾರಿಯೂ ಇದೆ. ಅದಕ್ಕೊಂದು ಕಂಬ ಕೊಡಿ: 80–90 ಸೆಂ.ಮೀ. ಎತ್ತರ, ಬೆಕ್ಕು ಪೂರ್ತಿ ನೀಳವಾಗಿ ಎಳೆದರೂ ಅಲುಗದ ಬುಡ, ಮೇಲೆ ಬಿಗಿಯಾಗಿ ಸುತ್ತಿದ ತೆಂಗಿನ ನಾರಿನ ಹಗ್ಗ. ಅಲುಗುವ ಕಂಬವನ್ನು ಬೆಕ್ಕು ಎರಡನೇ ಸಲ ಮುಟ್ಟುವುದಿಲ್ಲ. ಇಡಬೇಕಾದ್ದು ಮೂಲೆಯಲ್ಲಲ್ಲ, ಅದು ಚಿಮ್ಮಿಸುತ್ತಿದ್ದ ಬಾಗಿಲಿನ ಪಕ್ಕ.

ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಕೋಲಿಗೆ ಕಟ್ಟಿದ ಗರಿಯನ್ನು ಓಡಿಸಿ ಆಡಿಸಿ, ಆಟ ಮುಗಿದೊಡನೆ ಊಟ. ರಾತ್ರಿ ಕೂಗುವ ಬೆಕ್ಕಿಗೆ ಕೊನೆಯ ಆಟ ನೀವು ಮಲಗುವ ಮುಂಚೆ ಇರಲಿ. ಆಮೇಲೆ ದಾರವನ್ನು ಎತ್ತಿಡಿ. ನುಂಗಿದ ದಾರ ಕರುಳನ್ನು ಸುರುಳಿ ಮಾಡಿ ಕೊಯ್ಯುತ್ತದೆ.

ಹೊಡೆಯುವುದು, ಮೂಗನ್ನು ಉಚ್ಚೆಗೆ ಉಜ್ಜುವುದು ಎಂದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದರೆ ಗುರುತೂ ಹೆಚ್ಚುತ್ತದೆ. ನೀವಿಲ್ಲದಾಗ ಹಾಕುವುದನ್ನು ಮಾತ್ರ ಕಲಿಯುತ್ತದೆ.

ಹಂತ 6: ಕಾದಾಟ ಮತ್ತು ಗಾಯ

ಕಾದಾಡುತ್ತಿರುವ ಎರಡು ಗಂಡುಗಳ ನಡುವೆ ಕೈ ಹಾಕಬೇಡಿ. ದಪ್ಪ ಕಂಬಳಿ ಎಸೆಯಿರಿ, ರಟ್ಟಿನ ಹಲಗೆ ನಡುವೆ ತೂರಿಸಿ, ಇಲ್ಲವೇ ಒಂದು ಚೊಂಬು ನೀರು ಎರಚಿ. ಬಿಡಿಸಿದ ಮೇಲೂ ನಿಮ್ಮ ಬೆಕ್ಕನ್ನು ಎತ್ತಿಕೊಳ್ಳಬೇಡಿ. ರೊಚ್ಚಿಗೆದ್ದ ಬೆಕ್ಕು ಎದುರಿಗೆ ಸಿಕ್ಕವರ ಮೇಲೆ ತಿರುಗುತ್ತದೆ, ಈ ಸ್ಥಿತಿ ಗಂಟೆಗಟ್ಟಲೆ ಇರುತ್ತದೆ. ಕತ್ತಲೆ ಕೋಣೆಗೆ ಸರಿಸಿ, ನೀರು ಮತ್ತು ಟ್ರೇ ಇಟ್ಟು ಬಾಗಿಲು ಹಾಕಿ.

ಮಾರನೇ ದಿನದಿಂದ ನಾಲ್ಕೈದು ದಿನ ಕತ್ತು, ಕೆನ್ನೆ, ಮುಂಗಾಲು, ಬಾಲದ ಬುಡವನ್ನು ಬೆರಳಿನಿಂದ ತಡವಿ ನೋಡುತ್ತಿರಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿದು ಬ್ಯಾಕ್ಟೀರಿಯಾ ಬಿಟ್ಟುಬರುತ್ತದೆ, ಮೇಲಿನ ಚರ್ಮ ಒಂದೆರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಹೊರಗೆ ಅರಿಶಿನ ಹಚ್ಚಿದರೆ ಅಲ್ಲಿಗೆ ಮುಟ್ಟುವುದಿಲ್ಲ. ಬಿಸಿ ಊತ, ಊಟ ಬಿಡುವುದು, ಕುಂಟುವುದು, 39.2 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಇದ್ದರೆ ವೈದ್ಯರು ಕೀವು ತೆಗೆದು ಆಂಟಿಬಯಾಟಿಕ್ ಕೊಡಬೇಕು. ನೀವೇ ಹಿಂಡಬೇಡಿ. ಪದೇಪದೇ ಕಚ್ಚಿಸಿಕೊಂಡು ಬರುವ ಗಂಡಿಗೆ ಬೆಕ್ಕುಗಳ ಏಡ್ಸ್ ಎನ್ನುವ ಎಫ್‌ಐವಿ ಮತ್ತು ಲುಕೇಮಿಯಾ ವೈರಸ್ಸಿನ ಪರೀಕ್ಷೆ ಮಾಡಿಸಿ. ಇತ್ತೀಚಿನ ಕಡಿತವಾದರೆ ಎರಡು ತಿಂಗಳ ನಂತರ ಇನ್ನೊಮ್ಮೆ. ಇವು ಮನುಷ್ಯರಿಗೆ ಅಂಟುವುದಿಲ್ಲ.

ಮನುಷ್ಯರಿಗೆ ಕಚ್ಚಿದರೆ ಮಾತು ಬೇರೆ. ಸೋಪು ಹಾಕಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಸುಣ್ಣ, ಕಾಫಿಪುಡಿ, ಖಾರದ ಪುಡಿ ಏನೂ ಹಚ್ಚಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಸ್ಪತ್ರೆಗೋ ಹೋಗಿ ರೇಬಿಸ್ ಲಸಿಕೆ ಶುರು ಮಾಡಿ. ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಎಂದು ಕೇಳಿ. ಬೆಕ್ಕನ್ನು 10 ದಿನ ಗಮನಿಸುವುದು ಸರಿ, ಆದರೆ ಅದಕ್ಕಾಗಿ ಲಸಿಕೆ ಕಾಯಬಾರದು.

ಹಂತ 7: ಆಪರೇಷನ್ ಆದರೂ ನಿಲ್ಲದಿದ್ದರೆ

ಮೊದಲು ಕಾಯಿರಿ. ಹಾರ್ಮೋನು ದಿನಗಳಲ್ಲಿ ಇಳಿಯುತ್ತದೆ, ನಡತೆ ವಾರಗಳಲ್ಲಿ ಬದಲಾಗುತ್ತದೆ, ವರ್ಷಗಟ್ಟಲೆ ಗಡವನಾಗಿ ಬಾಳಿದ್ದಕ್ಕೆ ತಿಂಗಳುಗಳೇ ಬೇಕು. ಈ ಅವಧಿಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಕಂಡ ಕಲೆಗಳನ್ನು ಎಣಿಸಿ ಬರೆಯಿರಿ. ವಾರಕ್ಕೆ ಹತ್ತಿದ್ದದ್ದು ನಾಲ್ಕಾದರೆ ದಾರಿ ಸರಿಯಿದೆ. ನೆನಪಿನ ಮೇಲೆ ಹೋದರೆ ಎಲ್ಲ ವಾರಗಳೂ ಒಂದೇ ಥರ ಕಾಣುತ್ತವೆ.

ಮೂರು ತಿಂಗಳಾದರೂ ಇಳಿಯದಿದ್ದರೆ, ಮತ್ತು ಉಚ್ಚೆಗೆ ಅದೇ ಗಡವನ ನಾತ ಇದ್ದರೆ, ಬೀಜ ಒಳಗೆ ಉಳಿದಿದೆಯೇ ನೋಡಬೇಕು. ಇದಕ್ಕೊಂದು ಸುಲಭ ಸುಳಿವಿದೆ: ಪೂರ್ಣ ಗಂಡು ಬೆಕ್ಕಿನ ಶಿಶ್ನದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಟೆಸ್ಟೋಸ್ಟೆರಾನ್ ನಿಂತ ಸುಮಾರು ಆರು ವಾರದಲ್ಲಿ ಅವು ಕರಗುತ್ತವೆ. ಮುಳ್ಳು ಇನ್ನೂ ಇದ್ದರೆ ಹಾರ್ಮೋನು ಎಲ್ಲಿಂದಲೋ ಬರುತ್ತಿದೆ. ವೈದ್ಯರಿಗೆ ಇದನ್ನು ನೋಡಲು ಒಂದು ನಿಮಿಷ ಸಾಕು.

ಮುಳ್ಳಿಲ್ಲ, ಚಿಮ್ಮಿಸುವುದು ಮಾತ್ರ ಇದೆ ಎಂದಾದರೆ ಕಾರಣ ಹೊರಗಿದೆ. ಕಲೆಗಳೆಲ್ಲ ಕಿಟಕಿ, ಬಾಗಿಲ ಬಳಿ ಇದ್ದರೆ ಬೀದಿಯ ಬೆಕ್ಕು. ಒಳಗಿನ ಕೋಣೆ, ಓಣಿಗಳಲ್ಲಿದ್ದರೆ ಮನೆಯದೇ ಇನ್ನೊಂದು ಬೆಕ್ಕಿನ ಜೊತೆಗಿನ ಮುಸುಕಿನ ಗುದ್ದಾಟ. ಕಿಟಕಿಯ ಕೆಳಗಿನ ಅರ್ಧಕ್ಕೆ ಹಾಲುಬಿಳುಪಿನ ಫಿಲ್ಮ್ ಅಂಟಿಸಿ. ಒಳಗಿನ ಬೆಕ್ಕುಗಳಿಗೆ ಊಟ, ನೀರು, ಟ್ರೇ, ಎತ್ತರದ ಕೂರುವ ಜಾಗ ಎಲ್ಲವೂ ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಬೇರೆ ಮಾಡಿ. ಬೆಕ್ಕನ್ನು ಸಮಾಧಾನಗೊಳಿಸುವ ವಾಸನೆ ಹರಡಲು ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ ಡಿಫ್ಯೂಸರ್ ಕೆಲವು ಮನೆಗಳಲ್ಲಿ ನೆರವಾಗುತ್ತದೆ, ಎಲ್ಲ ಕಡೆ ಅಲ್ಲ. ಸೋಫಾದ ಹಿಂದೆ, ಪರದೆಯ ಕೆಳಗೆ ಸಿಕ್ಕಿಸಿದರಂತೂ ದುಡ್ಡು ದಂಡ.

ಇಷ್ಟಾದರೂ ಆಗದಿದ್ದರೆ ಆತಂಕ ತಗ್ಗಿಸುವ ಫ್ಲುಯೊಕ್ಸೆಟಿನ್‌ನಂಥ ಔಷಧವಿದೆ. ಪ್ರಮಾಣ ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ., ಅಂದರೆ 4 ಕೆ.ಜಿ. ಬೆಕ್ಕಿಗೆ 2ರಿಂದ 4 ಮಿ.ಗ್ರಾಂ.; ಅಂಗಡಿಯಲ್ಲಿ ಮನುಷ್ಯರಿಗೆ ಸಿಗುವುದು ಬಹುತೇಕ 20 ಮಿ.ಗ್ರಾಂ. ಕ್ಯಾಪ್ಸೂಲ್. ಮನೆಯಲ್ಲಿ ಬಿಡಿಸಿ ಪಾಲು ಮಾಡುವ ಲೆಕ್ಕವಲ್ಲ ಇದು. ವೈದ್ಯರೇ ಬರೆದುಕೊಡಬೇಕು, ನಾಲ್ಕು ವಾರ ಕಾಯಬೇಕು, ತಟ್ಟನೆ ನಿಲ್ಲಿಸಬಾರದು. ಆಪರೇಷನ್ ಬದಲು ಹಾರ್ಮೋನ್ ಇಂಜೆಕ್ಷನ್ ಹಾಕೋಣ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಪ್ರೊಜೆಸ್ಟಿನ್ ಜಾತಿಯ ಆ ಔಷಧಗಳಿಂದ ಬೆಕ್ಕಿಗೆ ಸಕ್ಕರೆ ಕಾಯಿಲೆ, ಮೊಲೆಗಡ್ಡೆ ಬರುವ ಅಪಾಯವಿದೆ.

ಹಂತ 8: ಹೊರಗಿನ ಗಡವ

ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವುದು ನಮ್ಮ ಊರುಗಳ ಹಳೇ ಪರಿಹಾರ. ಅದು ಬೆಕ್ಕಿಗೆ ಹಿಂಸೆ, ನಿಮಗೂ ಲಾಭವಿಲ್ಲ. ಒಂದೋ ಅದೇ ಬೆಕ್ಕು ವಾಪಸು ಬರುತ್ತದೆ, ಇಲ್ಲವೇ ಖಾಲಿಯಾದ ಜಾಗಕ್ಕೆ ಇನ್ನೊಂದು ಗಂಡು ಬರುತ್ತದೆ. ಹಿಡಿದು, ಆಪರೇಷನ್ ಮಾಡಿಸಿ, ಅಲ್ಲೇ ಬಿಟ್ಟರೆ ಅದೇ ಬೆಕ್ಕು ಗದ್ದಲವಿಲ್ಲದೆ ಆ ಜಾಗ ಕಾಯುತ್ತದೆ.

ಒಂದು ವಾರ ಅದಕ್ಕೆ ನಿಗದಿತ ಹೊತ್ತಿಗೆ ನಿಗದಿತ ಜಾಗದಲ್ಲಿ ಊಟ ಹಾಕಿ ರೂಢಿ ಮಾಡಿಸಿ. ಕೊನೆಯ ದಿನಗಳಲ್ಲಿ ಬಾಗಿಲು ಕಟ್ಟಿ ತೆರೆದಿಟ್ಟ ಬೋನಿನೊಳಗೇ ಹಾಕಿ. ಹಿಡಿಯುವ ದಿನ ಬೋನಿನ ತುದಿಯಲ್ಲಿ ಕಾಯಿಸಿದ ಬಂಗುಡೆಯನ್ನೋ ಒಣಮೀನನ್ನೋ ಇಡಿ, ನೆಲಕ್ಕೆ ದಿನಪತ್ರಿಕೆ ಹಾಸಿ. ಬರಿಯ ತಂತಿಯ ಮೇಲೆ ಕಾಲಿಡಲು ಬೆಕ್ಕು ಹಿಂಜರಿಯುತ್ತದೆ. ಬಾಗಿಲು ಬಿದ್ದ ಕ್ಷಣ ಇಡೀ ಬೋನಿಗೆ ದಪ್ಪ ಬಟ್ಟೆ ಮುಚ್ಚಿ, ಅದು ಸುಮ್ಮನಾಗುತ್ತದೆ. ಬೋನನ್ನು ಬಿಸಿಲಲ್ಲಿ, ಮಳೆಯಲ್ಲಿ, ಯಾರೂ ಇಲ್ಲದೆಡೆ ಬಿಟ್ಟು ಹೋಗಬೇಡಿ. ಆಪರೇಷನ್ ಹೊತ್ತಿಗೇ ಕಿವಿಯ ತುದಿಯನ್ನು ನೇರವಾಗಿ ಸ್ವಲ್ಪ ಕತ್ತರಿಸಿ ಗುರುತು ಮಾಡಲು, ರೇಬಿಸ್ ಲಸಿಕೆ ಹಾಕಲು ಹೇಳಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಇನ್ನೊಬ್ಬರು ಅದೇ ಬೆಕ್ಕನ್ನು ಹಿಡಿದು ಮತ್ತೆ ಅರಿವಳಿಕೆ ಕೊಡಿಸುತ್ತಾರೆ. ಅರಿವಳಿಕೆಯ ಮತ್ತು ಪೂರ್ತಿ ಇಳಿದ ಮೇಲೆ, ಸಾಮಾನ್ಯವಾಗಿ ಮಾರನೇ ದಿನ, ಹಿಡಿದ ಜಾಗದಲ್ಲೇ ಬೋನಿನ ಬಾಗಿಲು ತೆಗೆದು ನೀವು ಹಿಂದಕ್ಕೆ ಸರಿಯಿರಿ.